ಅಡಿಕೆ ಸಿಪ್ಪೆಗೆ ಬೆಂಕಿ ಹಾಕುವ ಮೊದಲು

ಅಡಿಕೆ ಸುಲಿದು ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಮನೆಮನೆಯ ಅಂಗಳದ ಮೂಲೆಯಲ್ಲೂ ಒಂದು ರಾಶಿ ಬಿದ್ದಿರುತ್ತದೆ. ಸಿಪ್ಪೆ, ಹಾಳೆ, ಸೋಗೆ, ತೆಂಗಿನ ಮಡಲು. ಸಂಜೆ ಒಂದು ಕಡ್ಡಿ ಗೀರಿದರೆ ಅಂಗಳ ಚೊಕ್ಕ. ಆದರೆ ಅದರಲ್ಲಿದ್ದ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಯಿತು. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಜೋರು ಮಳೆ ಬಂದರೆ ಅದೂ ಕಣಿಯ ಪಾಲು. ಆಮೇಲೆ ಪೇಟೆಯಿಂದ ಯೂರಿಯಾ ಚೀಲ ಹೊತ್ತು ತರುವವರೂ ನಾವೇ!

ಸುಡುವ ಬದಲು ಗೊಬ್ಬರ ಮಾಡೋಣ. ಮೊದಲು ಜಾಗ. ನೆರಳಿರಲಿ, ನೀರು ನಿಲ್ಲದಿರಲಿ. ಗುಂಡಿ ಮಾತ್ರ ಬೇಡ. ಎರಡು ವರ್ಷದ ಹಿಂದೆ ನಾನು ಹಾಗೆ ಮಾಡಿ ಪೆಟ್ಟು ತಿಂದಿದ್ದೇನೆ. ಮುರಕಲ್ಲು ತೆಗೆದ ಹಳೆಯ ಹೊಂಡ ಸುಮ್ನೆ ಬಿದ್ದಿತ್ತು, ಸಿಪ್ಪೆ ಹಾಳೆ ಎಲ್ಲ ಅದಕ್ಕೇ ತುಂಬಿಸಿದೆ. ಜೂನ್‌ನಲ್ಲಿ ಹೊಂಡ ತುಂಬಿತು. ಆಟಿ ತಿಂಗಳು ಕಳೆದ ಮೇಲೆ ಕೋಲು ಹಾಕಿ ನೋಡಿದರೆ ಕಪ್ಪು ನೀರು, ಗುಳುಗುಳು ಗುಳ್ಳೆ, ಕೊಳೆತ ಮೊಟ್ಟೆಯ ನಾತ. ಸಿಪ್ಪೆ ಸಿಪ್ಪೆಯಾಗಿಯೇ ಇತ್ತು. ಗಾಳಿ ಇಲ್ಲದ ಕಡೆ ಬೇರೆಯೇ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ, ಮೀಥೇನ್ ಬಿಡುತ್ತವೆ. ಗೋಬರ್ ಗ್ಯಾಸ್ ಟ್ಯಾಂಕಿಯೊಳಗೆ ಆಗುವುದೂ ಅದೇ. ಅಲ್ಲಿ ಅದನ್ನು ಹಿಡಿದು ಒಲೆಯಲ್ಲಿ ಉರಿಸುತ್ತೇವೆ, ನನ್ನ ಹೊಂಡದ್ದು ನೇರ ಆಕಾಶಕ್ಕೆ ಹೋಯಿತು. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಹಿಡಿದಿಡುತ್ತದೆ. ಆದ್ದರಿಂದ ರಾಶಿ ನೆಲದ ಮೇಲೇ ಇರಲಿ.

ರಾಶಿಯ ತಳಕ್ಕೆ ಮಡಲಿನ ದಂಟು ಅಡ್ಡಡ್ಡ ಹಾಸಿ, ಗಾಳಿಗೆ ದಾರಿಯಾಗುತ್ತದೆ. ಹಾಳೆ, ಸೋಗೆಯನ್ನು ಕತ್ತಿಯಲ್ಲಿ ಗೇಣುದ್ದ ಕಡಿದು ಹಾಕಿ. ಇಡೀ ಹಾಳೆ ಮಗುಚಿ ಬಿದ್ದರೆ ಅದರ ಕೆಳಗೆ ನೀರೂ ಇಳಿಯುವುದಿಲ್ಲ.

ಒಂದು ಗೇಣು ಒಣಕಸ, ಅದರ ಮೇಲೆ ನಾಲ್ಕು ಬೆರಳು ಹಸಿ ಸೊಪ್ಪು, ಮೇಲೆ ಸೆಗಣಿ ನೀರು. ಒಣಕಸದಲ್ಲಿ ಇಂಗಾಲ ಧಾರಾಳ, ಸಾರಜನಕ ಕಡಿಮೆ. ಸೂಕ್ಷ್ಮಜೀವಿಗಳಿಗೆ ಸುಮಾರು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಸೊಪ್ಪಿಗೆ ಬೇಲಿಯ ಗೊಬ್ಬರದ ಗಿಡವೇ (ಗ್ಲಿರಿಸಿಡಿಯಾ) ಸಾಕು. ಗಾಳಿಯಲ್ಲಿ 78% ಸಾರಜನಕವೇ ಇದ್ದರೂ ಅಡಿಕೆ ಮರಕ್ಕೆ ಅದು ದಕ್ಕುವುದಿಲ್ಲ. ಗೊಬ್ಬರದ ಗಿಡದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಮಾತ್ರ ಅದನ್ನು ಹಿಡಿದು ಕೊಡುತ್ತವೆ. ಅದೇ ಕೆಲಸಕ್ಕೆ ಯೂರಿಯಾ ಕಾರ್ಖಾನೆ ನೆಲದಡಿಯ ಅನಿಲ ಸುರಿಯಬೇಕು.

ರಾಶಿ ಸೊಂಟದೆತ್ತರ ಬರಲಿ. ನೀರು ಎಷ್ಟು? ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಇಣುಕಬೇಕು. ಜಾಸ್ತಿ ಸುರಿದರೆ ಮತ್ತೆ ನನ್ನ ಹೊಂಡದ ಕಥೆಯೇ.

ನಾಲ್ಕೈದು ದಿನ ಬಿಟ್ಟು ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ ಸ್ವಲ್ಪ ಹೊತ್ತು ಬಿಡಿ. ಎಳೆದಾಗ ತುದಿ ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತದೆ. ಒಳಗೆ 55–60 ಡಿಗ್ರಿ ಇರುತ್ತದೆ. ಅಂದರೆ ಇಂಗಾಲ ನಿಧಾನ ಉರಿಯುತ್ತಿದೆ, ಕಾರ್ಬನ್ ಡೈಆಕ್ಸೈಡ್ ಹೋಗುತ್ತಿದೆ. ಹಾಗಾದರೆ ಬೆಂಕಿಗೂ ಇದಕ್ಕೂ ಏನು ವ್ಯತ್ಯಾಸ ಅಲ್ವಾ? ಆ ಇಂಗಾಲವನ್ನು ಸೋಗೆ ಈಚೆಗಷ್ಟೇ ಗಾಳಿಯಿಂದ ತೆಗೆದುಕೊಂಡದ್ದು, ತಿರುಗಿ ಅಲ್ಲಿಗೇ ಹೋಗುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280ರಷ್ಟಿದ್ದ ಕಾರ್ಬನ್ ಡೈಆಕ್ಸೈಡ್ 420 ದಾಟಲು ದೊಡ್ಡ ಕಾರಣ ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲು, ಎಣ್ಣೆ. ನನ್ನ ಒಂದು ರಾಶಿಯಿಂದ ಅದು ಇಳಿಯುವುದಿಲ್ಲ. ಆದರೆ ಗೊಬ್ಬರದಲ್ಲಿ ಇಂಗಾಲದ ಒಂದು ಪಾಲು ಕಪ್ಪು ಮಣ್ಣಾಗಿ ಉಳಿಯುತ್ತದೆ, ಸಾರಜನಕವೂ ಅದರ ಜೊತೆ ನಿಲ್ಲುತ್ತದೆ. ನಮ್ಮ ಮುರ ಮಣ್ಣಿಗೆ ಸತ್ವ ಹಿಡಿದಿಡುವ ತಾಕತ್ತು ಕಡಿಮೆ, ಮಳೆಯೋ ಹುಚ್ಚು ಮಳೆ. ಹಿಡಿದಿಡುವುದು ಆ ಕಪ್ಪು ಅಂಶವೇ.

ಹದಿನೈದು ದಿನಕ್ಕೊಮ್ಮೆ ಮಗುಚಿ. ಬೆನ್ನು ನೋವು ಗ್ಯಾರಂಟಿ. ಬೇಡವೆಂದರೆ ಬಿಸಿ ಆರಿದ ಮೇಲೆ ಎರೆಹುಳ ಬಿಡಿ. ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ಕಾಸರಗೋಡಿನ ಸಿಪಿಸಿಆರ್‌ಐಯೇ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದೆ.

ಒಂದು ಲೆಕ್ಕ ಮಾತ್ರ ಕೂಡಿಬರುವುದಿಲ್ಲ. ಮರಕ್ಕೆ ಬೇಕಾದ ರಂಜಕ ಗಾಳಿಯಲ್ಲಿಲ್ಲ, ಅದರ ಮೂಲ ಕಲ್ಲಿನಲ್ಲಿದೆ. ಮಾರಿದ ಅಡಿಕೆಯ ಜೊತೆ ಹೋದದ್ದು ತಾನಾಗಿ ತಿರುಗಿ ಬರುವುದಿಲ್ಲ. ದನಕ್ಕೆ ಪೇಟೆಯ ಹಿಂಡಿ ಹಾಕಿದರೆ ಸೆಗಣಿಯಲ್ಲಿ ಸ್ವಲ್ಪ ಬರುತ್ತದೆ. ಅದಕ್ಕೇ ಹಟ್ಟಿ ಇರುವ ಮನೆಯ ತೋಟಕ್ಕೆ ಬೇರೆಯೇ ಸೊಬಗು.

ಮಳೆಗಾಲದಲ್ಲಿ ರಾಶಿಗೆ ಟಾರ್ಪಾಲು ಹೊದೆಸಿಡಿ. ಜೋರು ಮಳೆ ನಿಂತ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅಡಿಕೆ ಮರದ ಬುಡ ಬಿಡಿಸಿ ಗೊಬ್ಬರ ಹಾಕಿ ಮಣ್ಣು ಮುಚ್ಚಿ. ಅಡಿಕೆ ಸಿಪ್ಪೆ ಅಷ್ಟರಲ್ಲಿ ಪೂರ್ತಿ ಕರಗಿರುವುದಿಲ್ಲ, ನಾರು ಉಳಿದಿರುತ್ತದೆ. ಅದನ್ನು ಎಸೆಯಬೇಡಿ, ಮುಂದಿನ ರಾಶಿಯ ಅಡಿಗೆ ಹಾಕಿ.