ಲಿಂಕ್ ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು?

ಗೂಗಲ್ ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳಲು ಪುಟವೊಂದಕ್ಕೆ ಎಷ್ಟು ಲಿಂಕ್ ಬಂದಿವೆ ಎನ್ನುವುದಕ್ಕಿಂತ ಎಂಥ ಪುಟಗಳಿಂದ ಬಂದಿವೆ ಎನ್ನುವುದು ಮುಖ್ಯ. ಸ್ಟ್ಯಾನ್‌ಫರ್ಡ್‌ನಲ್ಲಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ರೂಪಿಸಿ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ಲೆಕ್ಕ ಹೀಗಿದೆ: ಪ್ರತಿ ಪುಟಕ್ಕೂ 0.15 ಅಂಕ ತಾನಾಗಿ ಸಿಗುತ್ತದೆ. ಪುಟ ತನ್ನ ಅಂಕದ ಶೇ 85ನ್ನು ತಾನು ಲಿಂಕ್ ಕೊಟ್ಟ ಪುಟಗಳಿಗೆ ಸಮನಾಗಿ ಹಂಚುತ್ತದೆ. ಗೂಗಲ್ ಈಗ ಬೇರೆ ಹತ್ತಾರು ಸಂಗತಿ ನೋಡಿದರೂ ಲಿಂಕ್ ಲೆಕ್ಕವನ್ನು ಕೈಬಿಟ್ಟಿಲ್ಲ.

ಮೂರು ಪುಟಗಳ ತಾಣವನ್ನು ತೆಗೆದುಕೊಳ್ಳಿ. ಮುಖಪುಟದಿಂದ ಪಟ್ಟಿಗೆ, ಪಟ್ಟಿಯಿಂದ ಲೇಖನಕ್ಕೆ, ಲೇಖನದಿಂದ ಮತ್ತೆ ಮುಖಪುಟಕ್ಕೆ ಲಿಂಕ್ ಇದ್ದರೆ ಮೂರಕ್ಕೂ ತಲಾ 1 ಅಂಕ. ಈಗ ಮುಖಪುಟದಿಂದ ಲೇಖನಕ್ಕೆ ನೇರವಾಗಿ ಇನ್ನೊಂದು ಲಿಂಕ್ ಕೊಡಿ. ಲೇಖನ 1.19ಕ್ಕೆ, ಮುಖಪುಟ 1.16ಕ್ಕೆ ಏರುತ್ತದೆ, ಪಟ್ಟಿ 0.64ಕ್ಕೆ ಇಳಿಯುತ್ತದೆ. ಹೊರಗಿನವರ ಬಳಿ ಲಿಂಕ್ ಕೇಳುವ ಮೊದಲು ಸ್ವಂತ ತಾಣ ಸರಿಪಡಿಸಿ ಎನ್ನುವುದು ಇದಕ್ಕೇ.

ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ‘ಲಿಂಕ್ಸ್’ ವರದಿ ತೆರೆದು ಒಳಲಿಂಕ್‌ಗಳ ಪಟ್ಟಿ ನೋಡಿ. ಓದುಗರಿಗೆ ತಲುಪಲೇಬೇಕಾದ ಪುಟಗಳು ತಳದಲ್ಲಿದ್ದರೆ, ಅದೇ ವಿಷಯದ ಹಳೆಯ ಜನಪ್ರಿಯ ಲೇಖನಗಳ ನಡುವೆ ಅವುಗಳ ಲಿಂಕ್ ಸೇರಿಸಿ. ಪುಟದ ಅಡಿಯಲ್ಲಿ ಐವತ್ತು ಲಿಂಕ್ ಸುರಿದರೆ ಓದುಗರಿಗೂ ಬೇಡ, ಪ್ರತಿಯೊಂದರ ಪಾಲೂ ಕರಗುತ್ತದೆ. ಲಿಂಕ್ ಎಚ್‌ಟಿಎಂಎಲ್‌ನ ‘ಎ’ ಟ್ಯಾಗ್‌ನಲ್ಲಿ, ‘ಎಚ್‌ರೆಫ್’ ವಿಳಾಸದೊಂದಿಗೆ ಇರಲಿ. ಜಾವಾಸ್ಕ್ರಿಪ್ಟ್ ಬಟನ್ ಒತ್ತಿದರೆ ಮಾತ್ರ ತೆರೆಯುವ ಪುಟವನ್ನು ಗೂಗಲ್ ಬಾಟ್ (ತಾಣಗಳನ್ನು ಓದುತ್ತ ಸಾಗುವ ಗೂಗಲ್ ತಂತ್ರಾಂಶ) ಕಾಣದೇ ಹೋಗಬಹುದು; ಅದು ಬಟನ್ ಒತ್ತುವುದಿಲ್ಲ. ಲಿಂಕ್ ಹಾಕುವ ಪದಗಳಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಬೇಡ. ‘ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ’ ಎಂದು ಬರೆದರೆ ಮುಂದಿನ ಪುಟದಲ್ಲಿ ಏನಿದೆ ಎಂಬುದು ಓದುಗರಿಗೂ ಗೂಗಲ್‌ಗೂ ತಿಳಿಯುತ್ತದೆ.

ಕನ್ನಡ ತಾಣಗಳಿಗೆ ಇನ್ನೊಂದು ತಲೆನೋವಿದೆ. ಯುಆರ್‌ಎಲ್‌ನಲ್ಲಿ ಕನ್ನಡ ಬಳಸಿದರೆ ಅಕ್ಷರ, ಕಾಗುಣಿತ ಚಿಹ್ನೆ, ಒತ್ತಕ್ಷರಕ್ಕೆ ಬಳಸುವ ಹಲಂತ ಚಿಹ್ನೆ (್) ಎಲ್ಲವೂ ತಲಾ 9 ಸಂಕೇತಗಳಾಗುತ್ತವೆ. ವರ್ಡ್‌ಪ್ರೆಸ್ ವಿಳಾಸದ ಕೊನೆಯಲ್ಲಿ ಬರುವ ಪುಟದ ಹೆಸರಿಗೆ (ಸ್ಲಗ್) ಇಡುವ ಮಿತಿ 200 ಸಂಕೇತ, ಅಂದರೆ 22 ಚಿಹ್ನೆಗೆಲ್ಲ ಮುಗಿಯಿತು. ಉದ್ದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಎರಡು ಮೂರು ಪದದ ವಿಳಾಸವನ್ನು ಪ್ರಕಟಿಸುವ ಮೊದಲೇ ಬರೆದುಬಿಡಿ. ಆಮೇಲೆ ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ) ಹಾಕಿ, ಕನಿಷ್ಠ ಒಂದು ವರ್ಷ ತೆಗೆಯಬೇಡಿ. ಇಲ್ಲದಿದ್ದರೆ ಹಳೆಯ ಲಿಂಕ್‌ಗಳೆಲ್ಲ ‘ಪುಟ ಸಿಗಲಿಲ್ಲ’ ಎನ್ನುವ 404ಕ್ಕೆ ಹೋಗಿ ಗಳಿಸಿದ ಅಂಕ ಕೈತಪ್ಪುತ್ತದೆ.

ಹೊರಗಿನ ಲಿಂಕ್ ಬರಬೇಕಾದರೆ ಬೇರೆಯವರು ಉಲ್ಲೇಖಿಸಲು ಯೋಗ್ಯವಾದದ್ದು ನಿಮ್ಮಲ್ಲಿರಬೇಕು: ತಾಲ್ಲೂಕುವಾರು ಅಂಕಿಅಂಶ, ಸ್ವಂತ ಚಿತ್ರ, ಬೇರೆಲ್ಲೂ ಸಿಗದ ಪಟ್ಟಿ. ‘ಸಾವಿರ ರೂಪಾಯಿಗೆ ಐನೂರು ಬ್ಯಾಕ್‌ಲಿಂಕ್’ ಎನ್ನುವ ಮೇಲ್‌ಗಳನ್ನು ನೇರ ಕಸಕ್ಕೆ ಹಾಕಿ. ಗೂಗಲ್ ತಂದ 2012ರ ಪೆಂಗ್ವಿನ್ ಅಪ್‌ಡೇಟ್ ಇಂಥ ಲಿಂಕ್ ನೆಚ್ಚಿದ ತಾಣಗಳನ್ನು ಕೆಳಕ್ಕೆ ತಳ್ಳಿತು; 2016ರ ನಂತರ ಅಂಥ ಲಿಂಕ್‌ಗಳನ್ನೇ ಲೆಕ್ಕದಿಂದ ಬಿಡುವುದು ಹೆಚ್ಚು. ದುಡ್ಡು ಕೊಟ್ಟು ಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನೀವೇ ಜಾಹೀರಾತು ಲಿಂಕ್ ಪ್ರಕಟಿಸುವುದಾದರೆ ‘ಸ್ಪಾನ್ಸರ್ಡ್’, ಓದುಗರ ಕಾಮೆಂಟ್‌ಗಳ ಲಿಂಕ್‌ಗೆ ‘ಯುಜಿಸಿ’ (ಬಳಕೆದಾರರು ಬರೆದದ್ದು) ಗುರುತನ್ನು ‘ಎ’ ಟ್ಯಾಗ್‌ನ ‘ರೆಲ್’ನಲ್ಲಿ ಹಾಕಿ. ಎರಡೂ 2019ರಲ್ಲಿ ಬಂದವು.

ಬದಲಾವಣೆ ಮಾಡಿದ ಮರುದಿನವೇ ಫಲಿತಾಂಶ ಹುಡುಕಬೇಡಿ. ಗೂಗಲ್ ಆ ಪುಟಗಳಿಗೆ ಮತ್ತೆ ಬರಲು ಕೆಲವು ದಿನಗಳಿಂದ ಕೆಲವು ವಾರ ಬೇಕಾಗುತ್ತದೆ.