ಎಚ್‌ಎಸ್‌-ಸಿಆರ್‌ಪಿ ಟೆಸ್ಟ್: ಯಾವಾಗ ಮಾಡಿಸಬೇಕು, ಹೇಗೆ ಓದಬೇಕು

ಕೊಲೆಸ್ಟ್ರಾಲ್ ನಾರ್ಮಲ್ ಬಂದರೂ ಕೆಲವರಿಗೆ ಹಾರ್ಟ್ ಅಟ್ಯಾಕ್ ಆಗುತ್ತದೆ, ಅಲ್ವಾ? ಅದರಲ್ಲಿ ಉರಿಯೂತದ (ಇನ್‌ಫ್ಲಮೇಶನ್) ಪಾತ್ರವೂ ಇದೆ, ಅದನ್ನು ರಕ್ತದಲ್ಲಿ ಅಳೆಯುವ ಟೆಸ್ಟೇ ಎಚ್‌ಎಸ್‌-ಸಿಆರ್‌ಪಿ. ರಕ್ತನಾಳದ ಗೋಡೆಯೊಳಗೆ ಸೇರಿದ ಎಲ್‌ಡಿಎಲ್ ಕೊಬ್ಬನ್ನು (ಕೆಟ್ಟ ಕೊಲೆಸ್ಟ್ರಾಲ್) ಬಿಳಿ ರಕ್ತಕಣಗಳು ನುಂಗುತ್ತವೆ, ನುಂಗಿ ನುಂಗಿ ಅಲ್ಲೇ ಉಬ್ಬಿ ಕೂರುತ್ತವೆ, ಉರಿಯೂತ ಜಾಸ್ತಿಯಾದಷ್ಟೂ ಆ ಕೊಬ್ಬಿನ ಮೇಲಿನ ಪದರ ತೆಳುವಾಗುತ್ತದೆ. ಪದರ ಹರಿದರೆ ರಕ್ತ ಹೆಪ್ಪುಗಟ್ಟುತ್ತದೆ. ಅರ್ಧ ಮಾತ್ರ ಕಟ್ಟಿದ್ದ ನಾಳವೂ ಆಗ ಪೂರ್ತಿ ಮುಚ್ಚಿಹೋಗಬಹುದು.

ಲ್ಯಾಬ್‌ನಲ್ಲಿ 'ಎಚ್‌ಎಸ್‌-ಸಿಆರ್‌ಪಿ' ಅಂತಲೇ ಕೇಳಿ. ಬರೀ ಸಿಆರ್‌ಪಿ ಅಂದರೆ ಜ್ವರಕ್ಕೆ ಮಾಡುವ ಟೆಸ್ಟ್ ಮಾಡಿಬಿಡುತ್ತಾರೆ. ಮಳೆ ಶುರುವಾದರೆ ಬೆಂಗಳೂರಲ್ಲಿ ಅರ್ಧ ಆಫೀಸು ಕೆಮ್ಮುತ್ತಿರುತ್ತದೆ, ಆಗ ಹೋಗಬೇಡಿ. ನೆಗಡಿ, ಜ್ವರ, ಹಲ್ಲುನೋವು ಏನಿದ್ದರೂ ವಾಸಿಯಾಗಿ ಎರಡು ವಾರ ಕಳೆಯಲಿ.

ರಿಪೋರ್ಟ್ ಬಂದ ಮೇಲೆ ಮೊದಲು ಯೂನಿಟ್ ನೋಡಿ, ಸಂಖ್ಯೆ ಆಮೇಲೆ. ಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಮ್ಮಿ, 1ರಿಂದ 3 ಮಧ್ಯಮ, 3 ದಾಟಿದರೆ ಜಾಸ್ತಿ. ಕೆಲವು ಲ್ಯಾಬ್‌ಗಳು ಡೆಸಿಲೀಟರ್ (ಲೀಟರ್‌ನ ಹತ್ತನೇ ಒಂದು ಭಾಗ) ಲೆಕ್ಕದಲ್ಲಿ 0.4 ಅಂತ ಕೊಡುತ್ತವೆ, ನೋಡಿದವರು ಖುಷಿಪಡುತ್ತಾರೆ, ಆದರೆ ಅದು ಲೀಟರ್‌ಗೆ 4! ಇನ್ನು 10 ದಾಟಿದ್ದರೆ ಎಲ್ಲೋ ಸೋಂಕಿರಬಹುದು, ಎರಡು ವಾರ ಬಿಟ್ಟು ಮತ್ತೆ ಮಾಡಿಸಿ.

2017ರಲ್ಲಿ ಬಂದ ಕ್ಯಾಂಟೋಸ್ ಅಧ್ಯಯನದಲ್ಲಿ, ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ ಸುಮಾರು 10,000 ಜನರ ಮೇಲೆ ಉರಿಯೂತ ಇಳಿಸುವ ಇಂಜೆಕ್ಷನ್ ಪ್ರಯೋಗಿಸಿದರು. ಎಲ್‌ಡಿಎಲ್ ಇಳಿಯದಿದ್ದರೂ ಮತ್ತೆ ಅಟ್ಯಾಕ್, ಸ್ಟ್ರೋಕ್ ಆಗುವುದು ಸುಮಾರು 15% ಕಮ್ಮಿಯಾಯಿತು. ಆದರೆ ಜೀವಕ್ಕೇ ಕುತ್ತಾಗುವ ಸೋಂಕುಗಳು ಹೆಚ್ಚಿದವು. 2023ರಲ್ಲಿ ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ತಡೆಯಲು ಕಮ್ಮಿ ಡೋಸ್ ಕಾಲ್ಚಿಸಿನ್‌ಗೆ ಒಪ್ಪಿಗೆ ಸಿಕ್ಕಿತು, ಗೌಟ್‌ಗೆ (ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವು) ಕೊಡುವ ಹಳೇ ಮಾತ್ರೆಯೇ ಅದು. ಹಾಗಂತ ಸುಮ್ನೆ ಮೆಡಿಕಲ್ ಶಾಪ್‌ಗೆ ಹೋಗಿ ತಂದು ನುಂಗಬೇಡಿ, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಆಂಟಿಬಯೋಟಿಕ್ ತಗೊಳ್ಳುವವರಿಗೆ ಅದು ವಿಷವಾಗಬಹುದು.

ನಮ್ಮ ಕೈಲಿರುವುದು ಏನು? ಬೇಕರಿ ಮುಂದೆ ಟೀ ಜೊತೆ ಹಚ್ಚುವ ಸಿಗರೇಟು ಮೊದಲು ಹೋಗಬೇಕು. ಆಮೇಲೆ ಹೊಟ್ಟೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80ರೊಳಗಿರಲಿ. ಲಾಲ್‌ಬಾಗ್‌ನಲ್ಲಿ ಎರಡು ಸುತ್ತು ಹಾಕಿ ನೇರ ಬೆಣ್ಣೆ ಮಸಾಲೆ ದೋಸೆಗೆ ಹೋದರೆ ಹೊಟ್ಟೆ ಕರಗಲ್ಲ (ದಿನಾ ಅಂದೆ, ಭಾನುವಾರಕ್ಕೆ ಮಾಫಿ). ಡಾಕ್ಟರ್ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆದಿದ್ದರೆ ನಿಲ್ಲಿಸಬೇಡಿ, ಅದು ಎಲ್‌ಡಿಎಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ.

ಎದೆ ಹಿಂಡಿದ ಹಾಗಾಗಿ ನೋವು ಕೈಗೋ ದವಡೆಗೋ ಹಬ್ಬಿದರೆ ಈ ಟೆಸ್ಟ್ ಯಾವುದೂ ಬೇಡ. ತಕ್ಷಣ 108ಕ್ಕೆ ಫೋನ್ ಮಾಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.