ಮೆಚ್ಚಿನ ನಿರ್ದೇಶಕರ ಸಿನಿಮಾಕ್ಕೆ ಮುನ್ನ ಕಾದಂಬರಿ ಓದುವ ಬಗೆ

ಮೆಚ್ಚಿನ ನಿರ್ದೇಶಕರು ಕಾದಂಬರಿಯೊಂದನ್ನು ತೆರೆಗೆ ತರುತ್ತಿದ್ದಾರೆಂಬ ಸುದ್ದಿ ಬಂದರೆ, ಟ್ರೇಲರ್‌ಗೆ ಕಾಯದೆ ಮೊದಲು ಪುಸ್ತಕವನ್ನು ಓದಿ ಮುಗಿಸಿ. ನಟರ ಮುಖಗಳು ಒಮ್ಮೆ ಮನಸ್ಸಿನಲ್ಲಿ ಕುಳಿತರೆ ಪಾತ್ರಗಳನ್ನು ಸ್ವತಂತ್ರವಾಗಿ ಕಲ್ಪಿಸಿಕೊಳ್ಳುವುದು ಕಷ್ಟ. ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ.

ಓದುವಾಗ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಎರಡು ಬಗೆಯ ಗುರುತು ಹಾಕಿ: ಕಣ್ಣಿಗೆ ಕಾಣುವ ಘಟನೆಗೆ ಒಂದು, ಪಾತ್ರದ ಮನಸ್ಸಿನೊಳಗೇ ನಡೆಯುವುದಕ್ಕೆ ಇನ್ನೊಂದು. (ಗ್ರಂಥಾಲಯದ ಪ್ರತಿಯಾದರೆ ಚೀಟಿ ಇಡಿ.) ಎರಡನೆಯದನ್ನು ಕ್ಯಾಮೆರಾ ನೇರವಾಗಿ ಹಿಡಿಯಲಾರದು, ಮೌನ, ಬೆಳಕು, ಮಳೆಯ ಸದ್ದು ಅಥವಾ ಹೊಸ ಸಂಭಾಷಣೆಯ ಮೂಲಕ ನಿರ್ದೇಶಕರು ಅದನ್ನು ಹೇಗೆ ಕಾಣಿಸಿಯಾರು ಎಂದು ಊಹಿಸುವುದರಲ್ಲೇ ಕಾಯುವ ಸುಖವೆಲ್ಲ ಇದೆ.

ಆ ನಿರ್ದೇಶಕರು ಹಿಂದೆ ಸಾಹಿತ್ಯ ಕೃತಿಯನ್ನು ಆಧರಿಸಿ ಮಾಡಿದ ಚಿತ್ರವಿದ್ದರೆ ಮೂಲದೊಡನೆ ಹೋಲಿಸಿ ನೋಡಿ. ಇಲ್ಲದಿದ್ದರೆ ನಮ್ಮ ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ 1936ರ ‘ಕಾನೂರು ಹೆಗ್ಗಡಿತಿ’ಯನ್ನು ಓದಿ, 1999ರಲ್ಲಿ ಗಿರೀಶ ಕಾರ್ನಾಡರು ಅದನ್ನು ತೆರೆಗೆ ತಂದ ಬಗೆಯನ್ನು ಗಮನಿಸಿ, ಅಷ್ಟು ವಿಸ್ತಾರವಾದ ಕೃತಿಯಲ್ಲಿ ಯಾವ ಪಾತ್ರ ಮುಂದೆ ಬಂತು, ಯಾವ ಎಳೆ ಹಿಂದೆ ಉಳಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಶಿವಮೊಗ್ಗದ ಚಿತ್ರಮಂದಿರಕ್ಕೆ ಗೆಳೆಯರೊಡನೆ ಹೋಗುವುದಾದರೆ, ಕಾದಂಬರಿ ಓದದವರೆದುರು ಅಂತ್ಯವನ್ನು ದಯವಿಟ್ಟು ಹೇಳಬೇಡಿ.